ಇಲ್ಲದ ಊರಿನ ನೀರು

ನಲ್ಲಿ ತಿರುಗಿಸಿದ ಕೂಡಲೇ ನೀರು ಬಂತು. ಬರದೆ ಎಲ್ಲಿಗೆ ಹೋದೀತು, ಊರಿಗೆಲ್ಲ ನೀರು ಬಿಡುವ ಕಚೇರಿಯವಳ ಮನೆಗೇ ಬರದಿದ್ದರೆ ಹೇಗೆ ಎಂದು ಅತ್ತೆ ದಿನಾ ಹೇಳುವ ಮಾತನ್ನು ಇವತ್ತು ಅವಳೇ ಮನಸ್ಸಿನಲ್ಲಿ ಹೇಳಿಕೊಂಡು, ಬಾಯಲ್ಲಿ ಬ್ರಶ್ಶು ಇಟ್ಟುಕೊಂಡೇ ಕನ್ನಡಿಯಲ್ಲಿ ತನ್ನ ಮುಖ ನೋಡಿದಳು. ನಿದ್ದೆಗೆಟ್ಟ ಮುಖವಲ್ಲ. ಚೆನ್ನಾಗಿಯೇ ನಿದ್ದೆ ಬಂದಿತ್ತು, ಅದೇ ಅವಳಿಗೆ ಕಸಿವಿಸಿ. ಹೊಟ್ಟೆಯಲ್ಲಿ ಇಂಥದೊಂದು ಮಾತನ್ನು ಬಚ್ಚಿಟ್ಟುಕೊಂಡವರಿಗೆ ನಿದ್ದೆ ಬರಬಾರದು, ಬಂದರೂ ಬೆಚ್ಚಿ ಎಚ್ಚರವಾಗಬೇಕು. ತಾನು ಕುಂಭಕರ್ಣನ ಹಾಗೆ ಬಿದ್ದುಕೊಂಡಿದ್ದು, ಎದ್ದ ಮೇಲೆ ಹಸಿವೂ ಆಗುತ್ತಿದೆಯಲ್ಲ ಎಂದು ಬಾಯಿ ಮುಕ್ಕಳಿಸಿ ಉಗುಳಿದಳು. ಮಾತು ಇಷ್ಟೇ. ಕಚೇರಿಯ ಒಳಕೋಣೆಯಲ್ಲಿ ಹೊಸದಾಗಿ ಸೇರಿದ ಹುಡುಗಿ ಕಟ್ಟಿರುವ ನಕಲು ನೆಟ್‌ವರ್ಕಿನ ಪೆಟ್ಟಿಗೆಯ ಬೆನ್ನಿಗೆ ಗೇಣುದ್ದದ ಒಂದು ಕೇಬಲ್ ಸಿಕ್ಕಿಕೊಂಡಿದೆ. ಅದು ಅಲ್ಲಿರಬಾರದು. ಇರುವುದನ್ನು ಅವಳು ನೋಡಿದ್ದಾಳೆ. ನೋಡಿ, ಹೇಳಿಲ್ಲ.

ಹೇಳಿದರೆ ಗಂಡ, ಒಂದು ಕೇಬಲ್ಲಿಗೆ ಇಷ್ಟೊಂದು ತಲೆ ಕೆಡಿಸಿಕೊಳ್ಳುತ್ತಾರಾ ಎಂದಾನು. ಅವನಿಗೆ ಅವಳ ಕೆಲಸ ಎಂದೂ ಪೂರ್ತಿ ತಿಳಿದಿರಲಿಲ್ಲ. ಊರಿನ ಪಂಪುಗಳು, ಗುಡ್ಡದ ಮೇಲಿನ ದೊಡ್ಡ ಟ್ಯಾಂಕು, ಕೆಳಗಿನ ಬಡಾವಣೆಗಳಿಗೆ ನೀರು ಬಿಡುವ ವಾಲ್ವುಗಳು, ಎಲ್ಲವೂ ಈಗ ಕಂಪ್ಯೂಟರಿನ ಮಾತು ಕೇಳುತ್ತವೆ. ಆ ಕಂಪ್ಯೂಟರುಗಳಿಗೆ ಹೊಸ ತಂತ್ರಾಂಶ ಹಾಕಬೇಕಾಗಿತ್ತು. ನೇರವಾಗಿ ಹಾಕಿ ಎಡವಟ್ಟಾದರೆ ಊರೇ ಬಾಯಾರುತ್ತದೆ. ಅದಕ್ಕೇ ಒಂದು ದೊಡ್ಡ ಯಂತ್ರದ ಹೊಟ್ಟೆಯೊಳಗೆ ಇಡೀ ನೆಟ್‌ವರ್ಕಿನ ನಕಲು: ಅಷ್ಟೇ ಸರ್ವರುಗಳು, ಅವೇ ಹೆಸರುಗಳು, ಅವೇ ಅಡ್ರೆಸ್ಸುಗಳು, ಅದೇ ಗುಡ್ಡದ ಟ್ಯಾಂಕು. ಯಾವುದೂ ನಿಜವಾಗಿ ಇಲ್ಲ, ಪ್ರತಿಯೊಂದೂ ತಾನಿದ್ದೇನೆಂದು ನಂಬಿಕೊಂಡಿರುತ್ತದೆ. ಅಲ್ಲಿ ಟ್ಯಾಂಕು ಬರಿದಾದರೆ ಯಾರ ಮನೆಯ ಬಿಂದಿಗೆಯೂ ಬರಿದಾಗುವುದಿಲ್ಲ. ಇದಕ್ಕೆಲ್ಲ ಇರುವುದು ಒಂದೇ ನಿಯಮ. ನಕಲಿಗೂ ಅಸಲಿಗೂ ನಡುವೆ ದಾರಿ ಇರಕೂಡದು. ಹೆಸರು, ಅಡ್ರೆಸ್ಸು ಎಲ್ಲ ಒಂದೇ ಆದ್ದರಿಂದ, ದಾರಿಯಿದ್ದರೆ ನಕಲಿನಲ್ಲಿ ಕೊಟ್ಟ ಆಜ್ಞೆ ಅಸಲಿ ವಾಲ್ವಿಗೆ ಹೋಗಿ ಮುಟ್ಟಬಹುದು. ಅಸಲಿ ಸರ್ವರಿನಿಂದ ಮಾಹಿತಿಯನ್ನು ಇಳಿಸಿಕೊಳ್ಳಲು ಹುಡುಗಿ ಆ ತುಂಡು ಕೇಬಲ್ ಹಾಕಿದ್ದಳು, ಇಳಿಸಿಕೊಂಡ ಮೇಲೆ ಕೀಳಬೇಕಿತ್ತು, ಮರೆತಿದ್ದಳು. ನಕಲಿ ಯಂತ್ರಗಳೆಲ್ಲ ಇನ್ನೂ ಮಲಗಿದ್ದರಿಂದ ಇಷ್ಟು ದಿನ ಏನೂ ಆಗಿರಲಿಲ್ಲ. ಇವತ್ತು ಅವನ್ನು ಎಬ್ಬಿಸುತ್ತಾರೆ. ಎಬ್ಬಿಸಿ, ಮೇಲಿನ ಕಚೇರಿಯ ಸಾಹೇಬರ ಎದುರಿಗೆ ಗುಡ್ಡದ ಟ್ಯಾಂಕಿನ ವಾಲ್ವನ್ನು ಪೂರ್ತಿ ತೆರೆದು ತೋರಿಸುತ್ತಾರೆ.

ತಾನು ಅಷ್ಟರವರೆಗೆ ಬಿಡುವವಳಲ್ಲ ಎಂಬುದು ಅವಳಿಗೆ ಗೊತ್ತು. ಊರು ಮುಳುಗಿಸುವಷ್ಟು ಕೆಟ್ಟವಳಲ್ಲ ತಾನು. ಎಬ್ಬಿಸುವ ಗುಂಡಿಯ ಮೇಲೆ ಹುಡುಗಿಯ ಬೆರಳು ಇಳಿಯುವ ಮೊದಲು, ಸಾಹೇಬರು, ಕಚೇರಿಯ ಮೇಷ್ಟ್ರು ಎಲ್ಲರೂ ನೋಡುತ್ತಿರುವಾಗ, ನಿಲ್ಲು ಎನ್ನುತ್ತಾಳೆ. ಜೋರಾಗಿಯಲ್ಲ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ನೀರಿನ ಒಂದು ಹನಿಯೂ ಆಚೀಚೆ ಆಗುವುದಿಲ್ಲ, ಆಗುವುದೆಲ್ಲ ಹುಡುಗಿಯ ಮುಖದಲ್ಲಿ. ಆ ಮುಖ ಹೇಗಾದೀತು ಎಂಬುದನ್ನು ಅವಳು ಈ ದಿನಗಳಲ್ಲಿ ಎಷ್ಟು ಸಲ ನೋಡಿದ್ದಳೆಂದರೆ, ನಿಜವಾದ ಮುಖ ಎದುರಾದಾಗ ಅದು ಇನ್ನೂ ನಗುತ್ತಿದೆಯಲ್ಲ ಎಂದು ಅಚ್ಚರಿಯಾಗುತ್ತಿತ್ತು. ಹೊಟ್ಟೆಕಿಚ್ಚು ಎಂಬ ಪದವನ್ನು ಅವಳು ತನ್ನ ಮೇಲೆ ಹಾಕಿಕೊಳ್ಳಲು ಮೊದಮೊದಲು ಒಪ್ಪಿರಲಿಲ್ಲ. ಅದು ನೆರೆಹೊರೆಯವರಿಗೆ ಇರುವಂಥದು, ಓರಗಿತ್ತಿಯರಿಗೆ ಇರುವಂಥದು. ಆಮೇಲೆ ಒಂದು ದಿನ ಬಸ್ಸಿನಲ್ಲಿ ಕೂತಿದ್ದಾಗ ಸುಮ್ಮನೆ ಒಪ್ಪಿಕೊಂಡುಬಿಟ್ಟಳು. ಹೌದು, ಉರಿ. ಹೊಟ್ಟೆಯಲ್ಲೇ ಉರಿ, ಬೇರೆಲ್ಲೂ ಅಲ್ಲ, ಹಿಂದಿನವರು ಸರಿಯಾದ ಜಾಗಕ್ಕೇ ಹೆಸರಿಟ್ಟಿದ್ದಾರೆ.

ಅಡುಗೆಮನೆಯಲ್ಲಿ ಅತ್ತೆ ಇವತ್ತೇನು ವಿಶೇಷ, ಹೊಸ ಬಟ್ಟೆ ಹಾಕಿಕೊಂಡಿದ್ದೀಯ ಎಂದು ಕೇಳಿದರು. ಹೊಸದೇನಲ್ಲ, ಇಟ್ಟಿದ್ದದ್ದು ಎಂದಳು. ಮೇಲಿನವರು ಬರುತ್ತಾರೆ, ಹುಡುಗಿ ಮಾಡಿದ ಕೆಲಸದ ಪರೀಕ್ಷೆ ಇದೆ ಎಂದಳು. ಆ ಹುಡುಗಿಯದಾ, ಒಳ್ಳೆಯ ಮಗು ಅದು, ಚೆನ್ನಾಗಿ ಆಗಲಿ ಎಂದರು ಅತ್ತೆ. ಹೊಸದರಲ್ಲಿ ಅಗಸ ಗೋಣಿಯನ್ನೂ ಎತ್ತೆತ್ತಿ ಒಗೆದನಂತೆ ಎಂದು ಊರಿನಲ್ಲಿ ಯಾರನ್ನು ಕಂಡರೂ ಅನ್ನುವ ಬಾಯಿ, ಆ ಹುಡುಗಿಯ ಬಗ್ಗೆ ಮಾತ್ರ ಒಂದು ಗಾದೆಯನ್ನೂ ಆಡುವುದಿಲ್ಲ. ಒಂದು ಸಲ ಊಟಕ್ಕೆ ಬಂದವಳು ಅಷ್ಟೇ. ತಾನೇ ಕರೆದದ್ದು, ಹೊಸದಾಗಿ ಊರಿಗೆ ಬಂದವಳು, ಒಬ್ಬಳೇ ಕೋಣೆ ಹಿಡಿದುಕೊಂಡಿದ್ದಾಳೆ ಎಂದು ಕನಿಕರದಿಂದ. ಬಂದವಳು ಅತ್ತೆಯ ಪಕ್ಕ ನೆಲದ ಮೇಲೆ ಕೂತು ಕಾಳು ಆರಿಸಿದಳು. ಅವಳ ಕನ್ನಡಕದ ಒಂದು ಕಾಲು ಸಡಿಲವಾಗಿ ಮೂಗಿನ ಮೇಲೆ ಜಾರುತ್ತಿತ್ತು. ಗಂಡ ಕನ್ನಡಕದ ಅಂಗಡಿಯವನು. ಮಾತಾಡುತ್ತಲೇ ಕೈಚಾಚಿ ಅದನ್ನು ಕೇಳಿ ತೆಗೆದುಕೊಂಡು, ಜೇಬಿನಿಂದ ಸಣ್ಣ ಸ್ಕ್ರೂಡ್ರೈವರ್ ತೆಗೆದು, ಬಿಗಿ ಮಾಡಿ, ಅಂಗಿಯ ತುದಿಯಲ್ಲಿ ಗಾಜು ಒರೆಸಿ ಕೊಟ್ಟ. ಕನ್ನಡಕವಿಲ್ಲದೆ ಅಷ್ಟು ಹೊತ್ತು ಹುಡುಗಿ ಕಣ್ಣು ಕಿರಿದು ಮಾಡಿಕೊಂಡು ಎಲ್ಲರನ್ನೂ ನೋಡಿ ನಗುತ್ತಿದ್ದಳು. ಹೆಂಡತಿಯಾದ ಅವಳ ಕನ್ನಡಕದ ಕಾಲಿಗೆ ಎಷ್ಟೋ ತಿಂಗಳಿಂದ ದಾರ ಸುತ್ತಿತ್ತು. ಅವನಿಗೆ ಹೇಳಿದರೆ ಅಂಗಡಿಗೆ ತಂದುಕೊಡು ಎನ್ನುತ್ತಿದ್ದ. ಆ ರಾತ್ರಿ ಪಾತ್ರೆ ತೊಳೆಯುತ್ತ, ನಿಮಗೆ ಕಾಣೋದಿಲ್ವಾ ನನ್ನ ಕನ್ನಡಕ ಎಂದು ಕೇಳಬೇಕೆಂದುಕೊಂಡು, ಕೇಳಿದರೆ ಅವನು ನಗುತ್ತಾನೆಂದು ಸುಮ್ಮನಾದಳು. ಅವನ ಮೇಲೆ ಅನುಮಾನವಲ್ಲ. ಅನುಮಾನವಾಗಿದ್ದರೆ ಎಷ್ಟೋ ವಾಸಿ, ಜಗಳವಾದರೂ ಆಡಬಹುದಿತ್ತು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಬೇಕರಿ, ಸೈಕಲ್ ರಿಪೇರಿ, ಶಾಲೆಯ ಗೋಡೆ, ಎಲ್ಲ ಅದೇ ಕ್ರಮದಲ್ಲಿ ಹಿಂದೆ ಸರಿದವು. ಮೇಷ್ಟ್ರು ಎಂದರೆ ಮೇಷ್ಟ್ರಲ್ಲ, ಕಚೇರಿಯ ಮುಖ್ಯಸ್ಥರು; ಯಾರು ಏನು ಕೇಳಿದರೂ ಸೀಮೆಸುಣ್ಣ ಹಿಡಿದು ಹಲಗೆಯ ಮುಂದೆ ನಿಂತುಬಿಡುತ್ತಾರಾದ್ದರಿಂದ ಆ ಹೆಸರು. ಅವಳು ಸೇರಿದ ವರ್ಷ ಆ ಹಲಗೆಯ ಮೇಲೆ ಅವಳೊಬ್ಬಳಿಗಾಗಿ ಊರಿನ ಪೈಪುಗಳನ್ನೆಲ್ಲ ಬರೆದು ತೋರಿಸಿದ್ದರು. ಬರೆಯುತ್ತ ಬರೆಯುತ್ತ ತೋಳಿನ ತುಂಬ ಸುಣ್ಣ. ನೀರು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಕಣ್ಣು ಮುಚ್ಚಿ ಹೇಳುವಂತಾಗಬೇಕು ಎಂದಿದ್ದರು, ಅವಳು ಆದಳು. ಆಮೇಲೆ ಅವರು ಏನೇ ಮಾಡಿದರೂ ಕೊನೆಗೆ ಅವಳ ಕಡೆ ತಿರುಗಿ, ನೀನು ನೋಡಿದ್ಯಾ, ಹಾಗಾದ್ರೆ ಸರಿ ಎನ್ನುತ್ತಿದ್ದರು. ಆ ಮಾತಿಗಾಗಿ ಅವಳು ಜ್ವರವಿದ್ದಾಗಲೂ ಕೆಲಸಕ್ಕೆ ಬಂದಿದ್ದಾಳೆ. ಹಲಗೆ ಈಗಲೂ ಇದೆ, ಸುಣ್ಣವೂ ಇದೆ. ಹೋದ ತಿಂಗಳು ಒಂದು ಮಧ್ಯಾಹ್ನ ಬಾಗಿಲು ತಳ್ಳಿದಾಗ ಹುಡುಗಿ ಬೆಂಚಿನ ಮೇಲೆ ಕಾಲು ಮಡಚಿ ಕೂತಿದ್ದಳು, ಮೇಷ್ಟ್ರು ಅದೇ ಪೈಪುಗಳನ್ನು ಬರೆಯುತ್ತಿದ್ದರು, ಅದೇ ತಮಾಷೆಗಳನ್ನು ಹೇಳುತ್ತಿದ್ದರು, ಹಳೆಯ ವಾಲ್ವು ಮುದುಕನ ಮಂಡಿಯ ಹಾಗೆ, ತಿರುಗಿಸಿದರೆ ಮೊದಲು ಬೈಯುತ್ತದೆ ಎಂದು. ಅವಳಿಗೆ ಹೇಳಿದ್ದ ತಮಾಷೆ. ಹುಡುಗಿ ನಕ್ಕಳು, ಅವಳು ನಕ್ಕಿದ್ದ ಜಾಗದಲ್ಲೇ. ಬಾಗಿಲು ಹಿಡಿದು ನಿಂತವಳನ್ನು ನೋಡಿ ಮೇಷ್ಟ್ರು, ಬಾಮ್ಮ, ಇದು ನಿಂಗೆ ಗೊತ್ತಿರೋದೇ ಎಂದರು. ಗೊತ್ತಿರುವುದು ಎಂಬ ಮಾತು ಅಷ್ಟು ಚುಚ್ಚೀತೆಂದು ಅವಳಿಗೆ ಗೊತ್ತಿರಲಿಲ್ಲ.

ನಕಲು ನೆಟ್‌ವರ್ಕ್ ಕಟ್ಟುವ ಕೆಲಸ ಬಂದಾಗ ಅದು ತನಗೇ ಎಂದು ಅವಳು ಕೇಳದೆಯೇ ಎಣಿಸಿಕೊಂಡಿದ್ದಳು. ಮನೆಯಲ್ಲಿ ಹೇಳಿಯೂ ಇದ್ದಳು. ಮೇಷ್ಟ್ರು ಎಲ್ಲರೆದುರಿಗೆ ಅದನ್ನು ಹುಡುಗಿಗೆ ಕೊಟ್ಟರು. ಕಟ್ಟೋದು ಅವಳು ಕಟ್ಲಿ, ನೀನು ಅಸಲಿ ಕಡೆ ಬೇಕಮ್ಮ ಎಂದರು. ಕಚೇರಿಯ ರೂಢಿ ಅದು, ಮೇಷ್ಟ್ರೇ ಹಾಕಿಕೊಟ್ಟದ್ದು. ಇಂಥ ಪರೀಕ್ಷೆಯಲ್ಲಿ ಕೈ ಒಬ್ಬರದು, ಕಣ್ಣು ಇನ್ನೊಬ್ಬರದು. ಕೈಯಾದವರು ನಕಲಿನಲ್ಲಿ ಆಜ್ಞೆ ಕೊಡುತ್ತಾರೆ. ಕಣ್ಣಾದವರು ಅಸಲಿಯ ಪರದೆ ನೋಡುತ್ತ ಪ್ರತಿ ಆಜ್ಞೆಗೂ ಅಲ್ಲಾಡಿಲ್ಲ ಎಂದು ಕೂಗಿ ಹೇಳುತ್ತಾರೆ. ಆ ಕೂಗು ಕೇಳಿದ ಮೇಲೇ ಮುಂದಿನ ಆಜ್ಞೆ. ಕೈಯಾದವರು ತಿರುಗಿ ನೋಡುವಂತಿಲ್ಲ, ನೋಡಿದರೆ ಕೈ ತಪ್ಪುತ್ತದೆ. ಕಣ್ಣಿನ ಮಾತನ್ನು ನಂಬಿ ಮುಂದುವರಿಯಬೇಕು. ಕಣ್ಣು ನೀನಾದ್ರೆ ನಂಗೆ ಚಿಂತೆಯಿಲ್ಲ ಎಂದರು ಮೇಷ್ಟ್ರು. ಉಳಿದವರು ತಲೆಯಾಡಿಸಿದರು. ಅವಳೂ ಆಡಿಸಿದಳು. ಕಟ್ಟುವವಳು ಅವಳು, ಕಾಯುವವಳು ತಾನು. ಕಾವಲು ಕೆಲಸಕ್ಕೆ ವಯಸ್ಸಾದವರನ್ನೇ ಇಡುತ್ತಾರೆ ಎಂದು ಅವತ್ತಿಡೀ ಅವಳಿಗೆ ಅನ್ನಿಸುತ್ತಿತ್ತು.

ಕೇಬಲ್ ಕಂಡದ್ದು ಪೆನ್ನು ಬಿದ್ದದ್ದರಿಂದ. ಉರುಳಿಕೊಂಡು ಪೆಟ್ಟಿಗೆಯ ಹಿಂದಕ್ಕೆ ಹೋಯಿತು. ಮೊಣಕಾಲೂರಿ ಬಗ್ಗಿದಾಗ, ಧೂಳಿನ ನಡುವೆ ಹಸಿರು ದೀಪವೊಂದು ಮಿಣುಕುತ್ತಿತ್ತು. ಒಂದು ಕ್ಷಣ ಅವಳಿಗೆ ಆದದ್ದು ಗಾಬರಿಯೇ. ಕೆಲಸ ಬಲ್ಲವರಿಗೆ ಆಗುವ, ಕೈ ತಾನಾಗಿ ಮುಂದೆ ಹೋಗುವ ಗಾಬರಿ. ಕೈ ಹೋಗಿಯೂ ಇತ್ತು, ಬೆರಳು ಕೇಬಲ್ಲಿನ ಕೊಂಡಿಯನ್ನು ಮುಟ್ಟಿತ್ತು. ಅಷ್ಟರಲ್ಲಿ ಆಚೆ ಕೋಣೆಯಿಂದ ಮೇಷ್ಟ್ರ ದನಿ ಕೇಳಿಸಿತು, ಹುಡುಗಿಗೆ ಏನೋ ಹೇಳುತ್ತಿದ್ದರು, ಕೊನೆಗೆ, ನೀನು ನೋಡಿದ್ಯಾ, ಹಾಗಾದ್ರೆ ಸರಿ ಎಂದರು. ಅವಳು ಬೆರಳು ಹಿಂದಕ್ಕೆ ತೆಗೆದುಕೊಂಡಳು. ಪೆನ್ನು ಎತ್ತಿಕೊಂಡು, ಮೊಣಕಾಲಿನ ಧೂಳು ಕೊಡವಿಕೊಂಡು ಹೊರಗೆ ಬಂದಳು. ಇಷ್ಟೇ ಆದದ್ದು. ಇದನ್ನು ತಪ್ಪು ಎನ್ನಲು ಅವಳು ಏನನ್ನೂ ಮಾಡಿರಲಿಲ್ಲ. ಮಾಡಿದ್ದರೆ ಅದಕ್ಕೊಂದು ಹೆಸರಿರುತ್ತಿತ್ತು.

ಆದರೆ ಆಮೇಲೆ ಹುಡುಗಿ ಬಂದು ಕೇಳಿದಳು. ಅದನ್ನು ನೆನೆದರೆ ಈಗಲೂ, ಬಸ್ಸಿನ ಸೀಟಿನಲ್ಲಿ, ಅವಳಿಗೆ ಕೂತಲ್ಲಿ ಕೂರಲಾಗುವುದಿಲ್ಲ. ಶುಕ್ರವಾರ ಸಂಜೆ ಎಲ್ಲರೂ ಹೊರಟಿದ್ದರು. ಹುಡುಗಿ ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು ಅವಳ ಮೇಜಿನ ಪಕ್ಕ ಬಂದು ನಿಂತು, "ಅಕ್ಕ, ನೀವೊಂದ್ಸಲ ನೋಡಿಬಿಡಿ. ಎಲ್ಲಾ ಮಾಡಿದೀನಿ ಅನ್ಸುತ್ತೆ, ಆದ್ರೂ ಏನೋ ಬಿಟ್ಟಿದೀನಾ ಅಂತ ಭಯ" ಎಂದಳು. ಕನ್ನಡಕ ಒಂಚೂರೂ ಜಾರದೆ ನೆಟ್ಟಗೆ ಕೂತಿತ್ತು. ಅವಳು ಒಳಕೋಣೆಗೆ ಹೋದಳು, ಸುಮ್ಮನೆ ಹೋಗಿ ನಿಂತಳು, ಪೆಟ್ಟಿಗೆಯ ಮುಂಭಾಗ ನೋಡಿದಳು, ಹಿಂಭಾಗಕ್ಕೆ ಹೋಗಲಿಲ್ಲ. ಹಿಂಭಾಗಕ್ಕೆ ಹೋಗದಿದ್ದರೆ ಕಾಣುವುದಿಲ್ಲ, ಕಾಣದ್ದನ್ನು ಹೇಳದಿದ್ದರೆ ಅದು ಸುಳ್ಳಲ್ಲ. ಹೊರಗೆ ಬಂದು, "ನೋಡ್ದೆ, ಎಲ್ಲಾ ಸರಿ ಇದೆ" ಎಂದಳು. ಹುಡುಗಿ ಉಸಿರು ಬಿಟ್ಟು, ನೀವು ನೋಡಿದ ಮೇಲೆ ಇನ್ನೇನಕ್ಕ, ನಿಶ್ಚಿಂತೆ ಎಂದು ಮೆಟ್ಟಿಲಿಳಿದು ಹೋದಳು. ಅವಳ ಚಪ್ಪಲಿಯ ಸದ್ದು ಕೆಳಗಿನವರೆಗೂ ಕೇಳಿಸಿತು. ಕೂಗಿ ಕರೆಯಬಹುದಿತ್ತು. ಗಂಟಲಲ್ಲಿ ಹುಡುಗಿಯ ಹೆಸರು ಬಂದು ನಿಂತೂ ಇತ್ತು. ಕರೆದಿದ್ದರೆ, ಅಯ್ಯೋ ನೋಡು, ಇದೊಂದು ಮರೆತಿದೀಯ ಎಂದು ಇಬ್ಬರೂ ನಗಬಹುದಿತ್ತು, ಹುಡುಗಿ ಕೈ ಹಿಡಿದುಕೊಳ್ಳುತ್ತಿದ್ದಳು, ನೀವಿಲ್ಲದಿದ್ರೆ ಏನಾಗ್ತಿತ್ತು ಎನ್ನುತ್ತಿದ್ದಳು. ಆ ಕೃತಜ್ಞತೆಯೂ ಬೇಡವಾಗಿತ್ತು ಅವಳಿಗೆ. ಖಾಲಿ ಕೋಣೆಯಲ್ಲಿ ಒಬ್ಬಳ ಕೃತಜ್ಞತೆ ಯಾರಿಗೆ ಬೇಕು. ಮೇಷ್ಟ್ರ ಎದುರಿಗೆ ಬೇಕು.

ಬಸ್ಸು ನಿಂತೇ ಇದೆಯೆಂದು ಅವಳಿಗೆ ತಡವಾಗಿ ಗೊತ್ತಾಯಿತು. ಮುಂದೆ ರಸ್ತೆ ಅಗೆದಿದ್ದರು. ನೀರಿನ ಪೈಪು ಒಡೆದು ಕೆಸರು ತುಂಬಿಕೊಂಡಿತ್ತು, ಅಗೆದವರು ಅವಳ ಕಚೇರಿಯವರೇ. ಪಕ್ಕದವನು ನೀರಿನ ಇಲಾಖೆಯವರಿಗೆ ಮನೆ ಮಠ ಇಲ್ವಾ ಎಂದು ಗೊಣಗಿದ. ಅವಳು ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವರ ಹಾಗೆ ಗುರುತಿನ ಚೀಟಿಯನ್ನು ಒಳಕ್ಕೆ ಸೇರಿಸಿದಳು. ಆಮೇಲೆ ಹೊಳೆಯಿತು. ಇಲ್ಲಿಯವರೆಗೂ ಹೊಳೆದೇ ಇರಲಿಲ್ಲ, ಅದೇ ಆಶ್ಚರ್ಯ. ತಾನು ಹೋಗದಿದ್ದರೆ? ಸಾಹೇಬರು ಕಾಯುವ ಜನವಲ್ಲ. ಅವಳ ಕುರ್ಚಿಯಲ್ಲಿ ಬೇರೆ ಯಾರನ್ನಾದರೂ ಕೂರಿಸಿ ಶುರು ಮಾಡಿದರೆ? ಹುಡುಗಿ ಎಬ್ಬಿಸುವ ಗುಂಡಿ ಒತ್ತುತ್ತಾಳೆ, ನಕಲಿ ಊರು ಕಣ್ಣುಬಿಡುತ್ತದೆ, ಒಂದು ಗೇಣು ಕೇಬಲ್ ದಾಟಿ ಅಸಲಿ ಊರಿಗೆ ಬರುತ್ತದೆ, ಗುಡ್ಡದ ವಾಲ್ವು ಪೂರ್ತಿ ತೆರೆದುಕೊಳ್ಳುತ್ತದೆ. ಹಳೆಯ ಪೈಪುಗಳು ಅಷ್ಟು ಒತ್ತಡ ತಡೆಯವು. ಕೆಳಗಿನ ಬಡಾವಣೆಯಲ್ಲಿ ನೆಲಮಟ್ಟದ ಮನೆಗಳಿವೆ, ಅಲ್ಲಿ ಮಕ್ಕಳು ನೆಲದ ಮೇಲೆ ಮಲಗಿಸಿದ ಕಡೆ ಮಲಗಿರುತ್ತವೆ. ಅವಳು ಎದ್ದು, ಬಾಗಿಲು ತೆಗೀರಿ, ಇಳೀಬೇಕು ಎಂದಳು. ಇಲ್ಲಿ ಸ್ಟಾಪಿಲ್ಲ ಎಂದ ಕಂಡಕ್ಟರು. ಅವಳ ಮುಖ ನೋಡಿ, ಹೊಟ್ಟೆ ನೋವಾ ಎಂದು ಕೇಳಿ, ತೆಗೆದ.

ಅವಳು ಓಡಿದಳು. ಈ ವಯಸ್ಸಿನಲ್ಲಿ, ಎತ್ತಿಟ್ಟಿದ್ದ ಬಟ್ಟೆಯಲ್ಲಿ, ರಸ್ತೆಯ ಅಂಚಿನ ಕೆಸರಿನಲ್ಲಿ ಓಡಿದಳು. ಫೋನು ಮಾಡಿ ಹೇಳಬಹುದಲ್ಲ ಎಂದು ಕಾಲು ಓಡುತ್ತಿರುವಾಗಲೇ ತಲೆ ಕೇಳಿತು. ಮಾಡಬಹುದು. ಮೇಷ್ಟ್ರೇ, ಹಿಂದೆ ಒಂದು ಕೇಬಲ್ ಇದೆ, ಕೀಳಿಸಿ. ಎರಡು ಮಾತು. ಫೋನು ಕೈಗೆ ತೆಗೆದುಕೊಂಡಳು ಕೂಡ. ಕೈಯಲ್ಲಿ ಹಿಡಿದುಕೊಂಡೇ ಓಡಿದಳು, ಮಾಡಲಿಲ್ಲ. ಓಡುವುದು ಹೆಚ್ಚು ಪ್ರಾಮಾಣಿಕ ಎಂದು ಅವಳಿಗೆ ಅನ್ನಿಸಿತ್ತೋ ಏನೋ. ಮನುಷ್ಯರು ತಮ್ಮ ಮನಸ್ಸಿಗೆ ಹೇಳಿಕೊಳ್ಳುವ ನೆಪಗಳನ್ನು ಹತ್ತಿರದಿಂದ ನೋಡಬಾರದು.

ಕಂಟ್ರೋಲ್ ರೂಮಿನಲ್ಲಿ ಸಾಹೇಬರು ಚಹಾ ಮುಗಿಸಿ ಕಪ್ಪನ್ನು ಪಕ್ಕಕ್ಕೆ ಇಟ್ಟಿದ್ದರು. ಏನೂ ಶುರುವಾಗಿರಲಿಲ್ಲ. ಅವಳು ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತಾಗ ಮೇಷ್ಟ್ರು, ನೋಡಿ, ಬಂದ್ರು, ಇವ್ರಿಲ್ದೆ ಶುರು ಮಾಡೋ ಹಾಗಿಲ್ಲ ಅಂದ್ನಲ್ಲ ಎಂದು ಸಾಹೇಬರಿಗೆ ಹೇಳಿದರು. ಅವಳಿಗೆ ಅಳು ಬರುವಂತಾಯಿತು. ಮರುಕ್ಷಣವೇ, ಕಣ್ಣು ಬೇಕಲ್ಲ ಇವರಿಗೆ, ಅದಕ್ಕೇ ಕಾದದ್ದು ಎಂದುಕೊಂಡು ಅಳುವನ್ನು ನುಂಗಿದಳು. ಹುಡುಗಿ ಎದ್ದು ಬಂದು ಅವಳ ಬೆನ್ನು ಸವರಿ, ನೀರು ಕೊಟ್ಟಳು. ಓಡಿ ಬಂದ್ರಾ ಅಕ್ಕ, ಕಾಲೆಲ್ಲ ಕೆಸರಾಗಿದೆ ಎಂದಳು. ಅವಳ ಕೈ ಬೆಚ್ಚಗಿತ್ತು. ಈಗ ಹೇಳಿಬಿಡು ಎಂದಿತು ಮನಸ್ಸು, ಇವಳ ಕಿವಿಯಲ್ಲಿ, ಯಾರಿಗೂ ಕೇಳಿಸದ ಹಾಗೆ. ಅವಳು ನೀರು ಕುಡಿದು ಲೋಟ ವಾಪಸು ಕೊಟ್ಟಳು.

ಒಳಕೋಣೆಯ ಬಾಗಿಲು ಅರೆ ತೆರೆದಿತ್ತು. ನಾಲ್ಕು ಹೆಜ್ಜೆ ನಡೆದು, ಬಗ್ಗಿ ನೋಡಿ ಬರಬಹುದಿತ್ತು. ಯಾವುದೇ ಕೆಲಸಕ್ಕೆ ಕೈಹಾಕುವ ಮುನ್ನ ಇನ್ನೊಮ್ಮೆ ನೋಡುವುದು ಅವಳ ಹುಟ್ಟುಗುಣವೇ ಆಗಿತ್ತು, ಬೀಗ ಹಾಕಿದ ಮೇಲೆ ಜಗ್ಗಿ ನೋಡದೆ ಮನೆಯಿಂದ ಹೊರಟವಳಲ್ಲ, ಅತ್ತೆ ಅದಕ್ಕೆ ಅವಳನ್ನು ಆಡಿಕೊಳ್ಳುತ್ತಿದ್ದರು. ಆದರೆ ಈಗ ಅಲ್ಲಿಗೆ ಹೋಗುವುದನ್ನು ಯಾರಾದರೂ ನೋಡಿದರೆ, ಯಾಕೆ ಹೋದೆ ಎಂದು ಕೇಳಿದರೆ? ಶುಕ್ರವಾರ ಸಂಜೆಯ ಮೇಲೆ ಅವಳು ಆ ಕೋಣೆಯ ಕಡೆ ತಲೆಹಾಕಿರಲಿಲ್ಲ. ಪರದೆಯ ಮುಂದೆ ತನ್ನ ಕುರ್ಚಿಯಲ್ಲಿ ಕೂತಳು. ಅಸಲಿ ಊರು ಎದುರಿಗಿತ್ತು. ಗುಡ್ಡದ ಟ್ಯಾಂಕಿನ ನೀಲಿ ಪಟ್ಟಿ ಮುಕ್ಕಾಲು ಮಟ್ಟದಲ್ಲಿ ನಿಂತಿತ್ತು. ಬೆನ್ನ ಹಿಂದಿನ ಮೇಜಿನಲ್ಲಿ ಹುಡುಗಿ, ಅವಳ ಎದುರಿಗೆ ನಕಲು. ಸಾಹೇಬರು ಇದರಿಂದ ನಿಜವಾದ ನೀರಿಗೆ ಏನೂ ಆಗೋದಿಲ್ಲ ತಾನೇ ಎಂದು ಕೇಳಿದರು. ಹುಡುಗಿ ಇಲ್ಲ ಸರ್, ಎರಡಕ್ಕೂ ಸಂಬಂಧವೇ ಇಲ್ಲ ಎಂದಳು. ಎಷ್ಟು ಧೈರ್ಯದ ಮಾತು. ಅವಳಿಗೆ ಒಳಗೊಳಗೇ ಒಂದು ಸಂತೋಷ ಏರಿ ಬಂತು, ನಾಚಿಕೆಯಾಗುವಷ್ಟು ಸಿಹಿಯಾದ ಸಂತೋಷ, ಮುಖ ಬೆಚ್ಚಗಾಯಿತು. ಮೇಷ್ಟ್ರು ಹೂಂ ಎಂದರು. ಹುಡುಗಿ ಎಬ್ಬಿಸ್ತಾ ಇದೀನಿ ಎಂದಳು.

"ನಿಲ್ಲು" ಎಂದಳು ಅವಳು. ತಿರುಗಿದಳು. ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಅಂದುಕೊಂಡಿದ್ದ ಹಾಗೇ, ಬೆಣ್ಣೆಯಿಂದ ಕೂದಲು ತೆಗೆದ ಹಾಗೇ, ದನಿ ಏರಿಸದೆ ಹೇಳಿದಳು. "ಪೆಟ್ಟಿಗೆ ಹಿಂದೆ ಆ ತುಂಡು ಕೇಬಲ್ ಇನ್ನೂ ಹಾಗೇ ಇದೆ. ಈಗ ಒಳಗೆ ಬರ್ತಾ ನೋಡ್ದೆ."

ಹುಡುಗಿಯ ಮುಖ ಬಿಳಿಚಿತು. ಆದರೆ ಅದು ಅವಳು ಇಷ್ಟು ದಿನ ಮನಸ್ಸಿನಲ್ಲಿ ನೋಡಿದ್ದ ಮುಖವಲ್ಲ. ಸಿಕ್ಕಿಬಿದ್ದವರ ಮುಖವಲ್ಲ ಅದು. ಏನನ್ನೋ ಅರ್ಥ ಮಾಡಿಕೊಳ್ಳಬಾರದೆಂದು ಬಯಸಿ, ಆದರೂ ಅರ್ಥವಾಗುತ್ತಿರುವವರ ಮುಖ. ಹುಡುಗಿ ಮೇಷ್ಟ್ರ ಕಡೆ ನೋಡಿದಳು. ಮೇಷ್ಟ್ರು ತಮ್ಮ ಅಂಗೈಯ ಸುಣ್ಣವನ್ನು ನೋಡಿಕೊಳ್ಳುತ್ತಿದ್ದರು. ಹುಡುಗಿ ಎದ್ದು ಅವಳ ಕುರ್ಚಿಯ ಹತ್ತಿರ ಬಂದು, ಬಗ್ಗಿ, ಅವಳಿಗೆ ಮಾತ್ರ ಕೇಳಿಸುವಷ್ಟು ಸಣ್ಣ ದನಿಯಲ್ಲಿ ಹೇಳಿದಳು.

"ಅದನ್ನ ನಿನ್ನೆ ಬೆಳಿಗ್ಗೆನೇ ತೆಗೆದೆ, ಅಕ್ಕ. ಮನೇಲಿ ಇದ್ದಾಗ ನೆನಪಾಯ್ತು, ಓಡಿ ಬಂದು ತೆಗೆದೆ. ಶುಕ್ರವಾರ ನಿಮ್ಮ ಕಣ್ಣಿಗೆ ಬಿದ್ದಿರಲ್ಲ ಅಂದ್ಕೊಂಡೆ. ನೀವು ಬೇಜಾರು ಮಾಡ್ಕೋತೀರ ಅಂತ ನಾನು ಹೇಳ್ಲಿಲ್ಲ. ಮೇಷ್ಟ್ರಿಗೂ, ನಿಮಗೆ ಹೇಳ್ಬೇಡಿ ಅಂದಿದ್ದೆ."

ಅವಳು ಬಾಯಿ ತೆರೆದಳು. ಹೌದಾ, ಬೇರೆ ಯಾವುದೋ ಕೇಬಲ್ ಇರಬೇಕು, ನಂಗೆ ಹಾಗೆ ಕಂಡಿತು, ಓಡಿ ಬಂದ ಸುಸ್ತು. ಎಷ್ಟೊಂದು ಮಾತುಗಳು ಇದ್ದವು, ಒಂದೊಂದೂ ನಾಲಿಗೆಯ ತುದಿಗೆ ಬಂದು, ಹುಡುಗಿಯ ಕಣ್ಣು ನೋಡಿ ಹಿಂದಕ್ಕೆ ಹೋದವು. ಆ ಕಣ್ಣುಗಳಲ್ಲಿ ಸಿಟ್ಟಿದ್ದಿದ್ದರೆ ಎದುರಿಸಬಹುದಿತ್ತು. ಹುಡುಗಿ ಲೆಕ್ಕ ಹಾಕುತ್ತಿದ್ದಳು ಅಷ್ಟೇ. ಇವತ್ತು ನೋಡಿರಲು ಸಾಧ್ಯವಿಲ್ಲ, ನಿನ್ನೆಯಿಂದ ಅಲ್ಲಿ ಕೇಬಲ್ಲೇ ಇಲ್ಲ. ಅಂದರೆ ಮೊದಲೇ ನೋಡಿದ್ದಾರೆ. ಅಂದರೆ ಶುಕ್ರವಾರ, ಎಲ್ಲಾ ಸರಿ ಇದೆ ಎಂದಾಗ. ಲೆಕ್ಕ ಮುಗಿದದ್ದು ಅವಳಿಗೆ ಕಾಣಿಸಿತು. ಮೇಷ್ಟ್ರು ಅದನ್ನು ಆಗಲೇ ಮುಗಿಸಿ ಕೂತಿದ್ದರು.

ಸಾಹೇಬರಿಗೆ ಮಾತ್ರ ಏನೂ ಗೊತ್ತಾಗಲಿಲ್ಲ. ಏನು, ಎಲ್ಲಾ ಸರಿ ಇದೆಯಾ ಎಂದರು. ಸರಿ ಇದೆ ಸರ್, ಅದನ್ನ ತೆಗೆದಾಗಿದೆ ಎಂದರು ಮೇಷ್ಟ್ರು. ಸಾಹೇಬರು ಖುಷಿಯಾಗಿ, ಇಂಥ ಎಚ್ಚರಿಕೆಯವರು ಬೇಕು ನೋಡಿ, ಕೊನೇ ಗಳಿಗೆಲೂ ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕಾಯ್ತಾರೆ, ಹೊಸಬರು ಇವರಿಂದ ಕಲೀಬೇಕು ಎಂದು ಅವಳ ಕಡೆ ಕೈ ತೋರಿಸಿದರು. ಮೇಷ್ಟ್ರ ಎದುರಿಗೆ, ಎಲ್ಲರ ಎದುರಿಗೆ. ಅವಳು ಬೇಡಿಕೊಂಡಿದ್ದ ಮಾತು ಅಕ್ಷರಕ್ಕೆ ಅಕ್ಷರ ಬಂದಿತ್ತು. ಥ್ಯಾಂಕ್ಸ್ ಸರ್ ಎನ್ನಬೇಕಾಯಿತು. ಅಂದಳು. ಮೇಷ್ಟ್ರು ಅವಳನ್ನು ಬೈಯಲಿಲ್ಲ, ಹೊರಗೆ ಹೋಗು ಎನ್ನಲಿಲ್ಲ, ಕುರ್ಚಿ ಬದಲಾಯಿಸಲಿಲ್ಲ. ಶುರು ಮಾಡೋಣ ಎಂದರು, ಎಲ್ಲ ದಿನದ ದನಿಯಲ್ಲೇ. ಆ ದನಿಯಲ್ಲಿ ಏನು ಕಡಿಮೆಯಾಗಿದೆ ಎಂದು ಅವಳು ಹುಡುಕಿದಳು, ಸಿಗಲಿಲ್ಲ. ಏನೋ ಕಡಿಮೆಯಾಗಿತ್ತು.

ಹುಡುಗಿ ವಾಪಸು ಹೋಗಿ ಕೂತಳು. ನಕಲಿ ಯಂತ್ರಗಳು ಒಂದೊಂದಾಗಿ ಎದ್ದವು, ಅವುಗಳ ಹೆಸರನ್ನು ಹುಡುಗಿ ಓದಿ ಹೇಳುತ್ತಿದ್ದಳು, ಅಸಲಿಯವುಗಳದೇ ಹೆಸರು. ಅವಳು ಪರದೆಯ ಮೇಲಿನ ನೀಲಿ ಪಟ್ಟಿಯನ್ನು ನೋಡುತ್ತ ಕೂತಳು. ಇಷ್ಟು ಗಮನವಿಟ್ಟು ಅವಳು ಯಾವುದನ್ನೂ ನೋಡಿರಲಿಲ್ಲ. ಈ ಒಂದು ಕೆಲಸವನ್ನಾದರೂ ಸರಿಯಾಗಿ ಮಾಡಬೇಕು, ಒಂದು ಕೂದಲೆಳೆಯೂ ತಪ್ಪಬಾರದು, ಆಮೇಲೆ ಮಾತಾಡೋಣ, ಮನೆಗೆ ಕರೆಯೋಣ, ಕಾಲು ಹಿಡಿಯೋಣ ಬೇಕಾದರೆ ಎಂದು ಏನೇನೋ ಓಡುತ್ತಿತ್ತು ತಲೆಯಲ್ಲಿ. ಪಂಪು ನಿಲ್ಲಿಸ್ತಾ ಇದೀನಿ ಎಂದಳು ಹುಡುಗಿ. ಅವಳು ಪಂಪಿನ ಗುರುತು ನೋಡಿದಳು, ಟ್ಯಾಂಕಿನ ಪಟ್ಟಿ ನೋಡಿದಳು, ಮತ್ತೆ ಪಂಪು ನೋಡಿದಳು.

"ಅಲ್ಲಾಡಿಲ್ಲ" ಎಂದಳು.

ಮುಂದಿನ ಆಜ್ಞೆ ಬರಲಿಲ್ಲ. ಬೆನ್ನ ಹಿಂದೆ ಕುರ್ಚಿ ಸರಿದ ಸದ್ದಾಯಿತು, ಚಪ್ಪಲಿಯ ಸದ್ದು ಹತ್ತಿರ ಬಂತು. ಹುಡುಗಿ ಅವಳ ಹೆಗಲ ಪಕ್ಕದಿಂದ ಪರದೆಯನ್ನು ನೋಡಿದಳು. ಪಂಪಿನ ಗುರುತು ನೋಡಿದಳು, ಟ್ಯಾಂಕಿನ ಪಟ್ಟಿ ನೋಡಿದಳು. ಹುಡುಗಿಯ ಉಸಿರು ಅವಳ ಕಿವಿಗೆ ತಾಗುತ್ತಿತ್ತು. ಕೈಯಾದವರು ತಿರುಗಿ ನೋಡಬಾರದು ಎಂದು ಮೇಷ್ಟ್ರು ಹೇಳಬಹುದೆಂದು ಅವಳು ಕಾದಳು. ಮೇಷ್ಟ್ರು ಹುಡುಗಿ ನೋಡಿ ಮುಗಿಸಲೆಂದು ಕಾದರು. ಹುಡುಗಿ ಹೋಗಿ ಕೂತಳು.

ವಾಲ್ವು ತೆಗೀತಾ ಇದೀನಿ ಎಂಬ ದನಿ ಬಂತು. ಇಲ್ಲದ ಊರಿನ ಗುಡ್ಡದಿಂದ ಇಲ್ಲದ ನೀರು ಇಳಿಯತೊಡಗಿತು, ಸಾಹೇಬರು ಅಬ್ಬಾ ಎಂದರು. ಅವಳ ಎದುರಿನ ನೀಲಿ ಪಟ್ಟಿ ಮು‌ಕ್ಕಾಲು ಮಟ್ಟದಲ್ಲೇ ನಿಂತಿತ್ತು.

"ಅಲ್ಲಾಡಿಲ್ಲ" ಎಂದಳು ಅವಳು, ಈ ಸಲ ಸ್ವಲ್ಪ ಜೋರಾಗಿ.

ಹುಡುಗಿ ಮತ್ತೆ ಎದ್ದು ಬಂದಳು.